ಎರಡನೆಯ ಸಾಲು

ಗುರುವಾರ ಹುಲ್ಲು ಕೊಯ್ಯುತ್ತೇನೆ ಅಂದಿದ್ದಾನೆ ವಿಂಟ್ಸೆಂಟಿ.
ಇವತ್ತು ಮಂಗಳವಾರ.
ನಿದಾ ನದಿಯ ಪಕ್ಕ, ಕಾಲಿಟ್ಟಲ್ಲಿ ಜಿನುಗುವ ಹುಲ್ಲುಗಾವಲು,
ಕೈಯಲ್ಲಿ ಬಲೆ, ಕೊರಳಲ್ಲಿ ಭೂತಗನ್ನಡಿ,
ಜೇಬಿನಲ್ಲಿ ನಾಲ್ಕು ಮಡಿಕೆಯ ನಮೂನೆ.
ಅದರಲ್ಲಿ ಒಂದು ಚೌಕ ಇನ್ನೂ ಖಾಲಿ.

ನೀಲಿಗಳೆಲ್ಲ ಒಂದೇ ಎನ್ನುವವರಿದ್ದಾರೆ.
ಹಾರುವಾಗ ಹೌದು,
ಒಗೆದೊಗೆದು ಮಾಸಿದ ಶಾಯಿ ಕಲೆಗಳು.
ಕಾಯಬೇಕು. ಕೂತು ರೆಕ್ಕೆ ಮುಚ್ಚಬೇಕು ಅದು.
ಆಮೇಲೆ, ಅಂಗಿ ತಿರುವಿ ಹೊಲಿಗೆ ನೋಡುವ ದರ್ಜಿಯ ಹಾಗೆ
ಅಡಿಮೈ ಓದಬೇಕು.

ದಾಲ್ಚಿನ್ನಿ ಬಣ್ಣ, ಚುಕ್ಕಿ ಒಂದೇ ಸಾಲು:
ಅದು ಒಂದು ಜಾತಿ.
ಬೂದಿಗಂದು, ಚುಕ್ಕಿ ಎರಡು ಸಾಲು:
ಅದು ನಾನು ಹುಡುಕುತ್ತಿರುವುದು.
ಎಳ್ಳಿಗಿಂತ ಸಣ್ಣ ಕಪ್ಪು, ಸುತ್ತ ಬಿಳಿ ಬಳೆ,
ಯಾರೋ ಅಂಗಳಕ್ಕೆ ಚುಕ್ಕಿಯಿಟ್ಟು
ಒಳಗೆ ಹಾಲು ಉಕ್ಕಿತೆಂದು ಓಡಿಹೋದ ಹಾಗೆ.

ವಿಂಟ್ಸೆಂಟಿ ರುಜು ಹಾಕಿದ ಕರಾರಿನಲ್ಲಿ
ಎರಡು ಸಾಲಿನದರ ಹೆಸರು ಮಾತ್ರ ಇದೆ.
ಅದು ಸಿಕ್ಕರೆ ಸೆಪ್ಟೆಂಬರ್ ನಡುವಿನ ತನಕ ಯಂತ್ರ ಇಳಿಸುವಂತಿಲ್ಲ.
ಸಿಗದಿದ್ದರೆ ಗುರುವಾರ.

ಬೇಲಿಗೆ ಒರಗಿ ಕೇಳುತ್ತಾನೆ:
'ನನ್ನ ಹದಿನಾಲ್ಕು ಹಸುವನ್ನೂ ಹಣೆ ನೋಡಿಯೇ ಹೇಳುತ್ತೇನೆ.
ಹಸು ಹಾಲು ಕೊಡುತ್ತೆ.
ನಿನ್ನದು ಏನು ಕೊಡುತ್ತೆ?'

ಉತ್ತರವಿಲ್ಲದೆ ಕತೆ ಹೇಳಿದೆ.
ಈ ಕಡುಗೆಂಪು ಗುಂಡುಹೂವಿನೊಳಗೆ ಮೊಟ್ಟೆ.
ಮರಿಹುಳು ಕೆಲವು ವಾರ ಹೂ ತಿಂದು ನೆಲಕ್ಕೆ ಉದುರುತ್ತೆ.
ಇರುವೆಯ ವಾಸನೆ ಬಳಿದುಕೊಂಡು ಸುಮ್ಮನೆ ಬಿದ್ದಿರುತ್ತೆ.
ಕೆಂಪಿರುವೆಗಳು ನಮ್ಮದೇ ಕೂಸು ಅಂತ ಎತ್ತಿ ಮನೆಗೊಯ್ಯುತ್ತವೆ.
ಅಲ್ಲಿ ಇಡೀ ಚಳಿಗಾಲ
ಅವುಗಳ ಕೂಸುಗಳನ್ನೇ ತಿಂದು ಬೆಳೆಯುತ್ತೆ.

'ಗೊತ್ತು,' ಅಂದ ವಿಂಟ್ಸೆಂಟಿ,
'ನನ್ನ ಭಾವ ಹಾಗೇ ಇದ್ದ. ಆರು ವರ್ಷ.'

ಮಧ್ಯಾಹ್ನ ಎರಡಕ್ಕೆ ಬಲೆಗೆ ಬಿತ್ತು ಒಂದು.
ಮುದುಕಿ.
ಹಕ್ಕಿ ಕಚ್ಚಿ ಹರಿದ ಬಲರೆಕ್ಕೆ,
ಪುಡಿ ಉದುರಿ ಗಾಜಿನಂತಾದ ಎಡ.
ದಾಲ್ಚಿನ್ನಿಯೋ ಬೂದಿಯೋ, ಬಣ್ಣವೇ ಇಲ್ಲ.
ಮೊದಲ ಸಾಲು ಇದೆ.
ಎರಡನೆಯದು ಇರಬೇಕಾದಲ್ಲಿ
ಒಂದು ಚುಕ್ಕಿ.
ಚುಕ್ಕಿಯೋ, ಕೆಸರೋ, ನನ್ನ ಆಸೆಯೋ.

ಭೂತಗನ್ನಡಿ ಅವನಿಗೆ ಕೊಟ್ಟೆ.
ಕನ್ನಡಕ ತೆಗೆದು, ಉಸಿರು ಹಿಡಿದು
ಕರುವಿನ ಕಾಲು ನೋಡುವಷ್ಟು ಹೊತ್ತು ನೋಡಿದ.
'ಟೆಕ್ಲಾಳ ಕಿವಿಯ ಕೆಳಗೊಂದು ಮಚ್ಚೆಯಿತ್ತು' ಅಂದ.
'ಎಡಗಿವಿ.'
ಸ್ವಲ್ಪ ತಡೆದು,
'ಬಲಗಿವಿಯೇನೋ.'
ಕನ್ನಡಿ ಹಿಂದಿರುಗಿಸಿದ.

ಬಿಟ್ಟುಬಿಟ್ಟೆ.
ಹಾರಲಿಲ್ಲ ಅದು, ಗಾಳಿಯಲ್ಲಿ ಕುಂಟಿತು.
ಅರಳಿದ ಕೆಂಪು ಹೂಗಳನ್ನೆಲ್ಲ ದಾಟಿ
ಕೆಳಕೊಂಬೆಯ ಒಂದು ಹಸಿರು ಮೊಗ್ಗಿಗೆ,
ಇನ್ನೂ ಬಟಾಣಿಯಷ್ಟೂ ಇಲ್ಲದ ಮೊಗ್ಗಿಗೆ ಬಂದು
ಬಾಲ ಬಾಗಿಸಿ
ಒಳಗೆ ತೂರಿಸಿತು.

ಒಂದು ಸಾಲಿನವು ಹಣ್ಣಾದ ಕೆಂಪನ್ನು ಹುಡುಕುತ್ತವೆ.
ಎಳೆಹಸಿರು ಹೆಚ್ಚಾಗಿ ಇವುಗಳದ್ದು.
ಹೆಚ್ಚಾಗಿ.
ನಮೂನೆಯಲ್ಲಿ ಆ ಪದಕ್ಕೆ ಚೌಕವಿಲ್ಲ.
ಅಲ್ಲಿ ಕೇಳಿರುವುದು ಇಷ್ಟೇ:
ಅಡಿರೆಕ್ಕೆಯ ಚುಕ್ಕಿಗಳು, ಎಷ್ಟು ಸಾಲು?

ಪೆನ್ಸಿಲ್ಲಿನಲ್ಲಿ ಎರಡು ಅಂತ ಬರೆದೆ. ಅಳಿಸಿದೆ.
ಕಾಗದ ಅಲ್ಲಿ ತೆಳ್ಳಗಾಯಿತು, ಅವಳ ರೆಕ್ಕೆಯಷ್ಟು.
ಕೊನೆಗೆ ಬರೆದದ್ದು: ಓದಲಾಗಲಿಲ್ಲ.
ಅಂಚಿನಲ್ಲಿ, ಚಿಕ್ಕದಾಗಿ: ಹಸಿರು ಮೊಗ್ಗು.

ಗುರುವಾರ ಬೆಳಿಗ್ಗೆ ಟ್ರ್ಯಾಕ್ಟರಿನ ಸದ್ದು.
ಹಾಸಿಗೆಯಲ್ಲೇ ಕಿವಿಗೊಟ್ಟೆ, ಯಾವ ಕಡೆಯಿಂದ ಅಂತ.
ಹೊಳೆಯ ಕಡೆಯಿಂದಲ್ಲ.
ದಿಣ್ಣೆಯ ಮೇಲೆ, ರೈ ಹೊಲದಲ್ಲಿ.
ಅದು ಮಾಗಲು ಇನ್ನೂ ಒಂದು ವಾರವಿತ್ತು.