ಬುಟ್ಟಿ ಲೆಕ್ಕ

ರಾಯಚೂರು ಸ್ಟೇಷನ್ನಿನ ಹಳಿಗಳ ಕೆಳಗೆ
ಹಾದುಹೋಗುವ ಸುರಂಗದಲ್ಲಿ ನೀರೆತ್ತುವ ಕೆಲಸ ನನ್ನದು.
ಐದು ಎಚ್‌ಪಿ ಮೋಟರು, ಒಂದು ಸ್ಟೂಲು,
ಬಲ್ಬಿನ ಸುತ್ತ ಸದಾ ಅದೇ ಹಲ್ಲಿ.
ಮಳೆ ಬರಲಿ ಬಿಡಲಿ, ಗೋಡೆ ಬೆವರುತ್ತದೆ.
ಮೇಲೆ ಶಕ್ತಿನಗರದ ಕಲ್ಲಿದ್ದಲ ಗಾಡಿ ಹೊರಟರೆ
ಐವತ್ತೆಂಟು ಡಬ್ಬಿ. ಬೆನ್ನಿನಿಂದ ಎಣಿಸಿದ್ದೇನೆ,
ಗೋಡೆಗೆ ಒರಗಿ ಕೂತವನಿಗೆ ಕಣ್ಣು ಬೇಕಿಲ್ಲ.

ಈ ಊರಿಗೆ ರೈಲು ಎರಡು ಕಡೆಯಿಂದ ಬಂತು,
ಮುಂಬಯಿ ಕಂಪನಿಯದೊಂದು, ಮದರಾಸು ಕಂಪನಿಯದೊಂದು.
ಎರಡೂ ಹಳಿ ಮೂಗಿಗೆ ಮೂಗು ತಾಗಿಸಿದ ಜಾಗ
ಇಲ್ಲೇ ಎಲ್ಲೋ ಇದೆ.
ಪಾಯಿಂಟ್ಸ್‌ಮನ್ ಆಗಿ ರಿಟೈರಾದ ಖಾಜಾಸಾಬರ ಪ್ರಕಾರ
ಮೂರನೇ ದೀಪದ ನೆತ್ತಿಗೆ ಸರಿಯಾಗಿ.
'ಎರಡೂ ಕಂಪ್ನಿ ಗಡಿಯಾರಕ್ಕ ಅರ್ಧ ತಾಸಿನ ಜಗಳ ಇತ್ತಂತ.
ಮದರಾಸಿನ್ಯಾಗ ಹೊತ್ತು ಮೊದಲ ಹುಟ್ಟತದ,
ಮುಂಬಯಿಯಾಗ ತಡ.
ನಮ್ಮಜ್ಜ ಆ ಅರ್ಧ ತಾಸಿನ್ಯಾಗ
ಊಟ ಮುಗಿಸಿ ಒಂದು ಬೀಡಿ ಸೇದತಿದ್ದ.
ಯಾವ ಕಂಪ್ನಿಯವರೂ ಕೇಳಂಗಿದ್ದಿಲ್ಲ.'
ಆ ದೀಪದ ಕೆಳಗೆ ನಿಂತರೆ
ಗಾಡಿಯ ಸದ್ದು ತುಸು ಎಡವುತ್ತದೆ.
ನನಗೆ ಹಾಗನಿಸುತ್ತದೆ.

ಆಮೇಲೆ ಬಂದದ್ದನ್ನೆಲ್ಲ ಹಳಿ ಹೊತ್ತವು:
ಅರಳೆಯ ಗಂಟು, ಶೇಂಗಾ ಚೀಲ, ಪಲ್ಟನ್ನು.
ಒಂದು ವರ್ಷ ಬರೀ ಜನ,
ಡಬ್ಬಿಗೆ ಒಳಗಿಂದ ಚಿಲಕ ಹಾಕಿಕೊಂಡು, ಮಾತಿಲ್ಲದೆ.
ಆ ವರ್ಷದ್ದು ಖಾಜಾಸಾಬರು ಹೇಳುವುದಿಲ್ಲ.
ಕೇಳಿದರೆ ಹಲ್ಲಿಯತ್ತ ಬೆರಳು ತೋರಿಸಿ
'ಇನ್ನೂ ಐತಲ್ಲೋ ಇದು' ಅನ್ನುತ್ತಾರೆ.

ಸುರಂಗ ತೋಡಿದಾಗ ನಾನು ಹುಟ್ಟಿರಲಿಲ್ಲ.
ಅವ್ವ ಮಣ್ಣು ಹೊತ್ತವಳು.
ಒಂದು ಬುಟ್ಟಿಗೆ ಒಂದು ಸೀತಾಫಲದ ಬೀಜ,
ಮೇಸ್ತ್ರಿ ಯಂಕೋಬ ಅಂಗೈಗೆ ಹಾಕುತ್ತಿದ್ದ,
ಅವಳು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು.
ಸಂಜೆ ಗಂಟು ಬಿಚ್ಚಿ ಎಣಿಸಿದಷ್ಟು ಕೂಲಿ.
ಹಣ್ಣಿನ ಕಾಲದಲ್ಲಿ ಮೋಸ ಜಾಸ್ತಿ,
ಯಾವುದು ಕೂಲಿಯದು, ಯಾವುದು ಬಾಯೊಳಗಿನದು
ಯಂಕೋಬನಿಗೂ ಗೊತ್ತಾಗದು.
'ನಾ ಮಾಡಿಲ್ಲ' ಅನ್ನುತ್ತಾಳೆ ಅವ್ವ,
ನಾನು ಕೇಳುವ ಮೊದಲೇ.

ಹಾರೆಗೆ ಏನೇನೋ ತಾಗಿತಂತೆ.
ಎಂಜಿನ್ನಿನ ಬೂದಿ, ಮೊಣಕಾಲಾಳ ಬೂದಿ,
ಕಂದೀಲಿನ ಗಾಜು, ಎತ್ತಿನ ಲಾಳ,
ಒಂದು ದಿನ ಮೊಳದುದ್ದದ ಕಬ್ಬಿಣದ ಪಟ್ಟಿ,
ನಾಲ್ಕು ತೂತು, ಮೇಲೆ ಇಂಗ್ಲಿಷ್ ಅಕ್ಷರ.
ಹಳಿಗೆ ಹಳಿ ಬಿಗಿಯುವ ಪಟ್ಟಿ ಅದು
ಎಂದು ಹೇಳಬಲ್ಲವರು ಆವತ್ತು ಗುಂಡಿಯಲ್ಲಿರಲಿಲ್ಲ.
ಅವ್ವ, ಹುಲಿಗೆಮ್ಮ, ಸಿಂಧನೂರಿನ ಅಕ್ಕತಂಗಿಯರಿಬ್ಬರು
ಗುಜರಿಗೆ ತೂಗಿ ಕೊಟ್ಟು, ಬಂದ ರೊಕ್ಕಕ್ಕೆ
ಮಂಡಾಳ ಒಗ್ಗರಣೆ, ಮಿರ್ಚಿ ತಿಂದರು.
ಚರಿತ್ರೆಯಲ್ಲವೇನವ್ವ ಅದು, ಅಂದೆ.
'ಮಿರ್ಚಿ ತಣ್ಣಗಿದ್ವು' ಅಂದಳು.

ಹೋದ ವರ್ಷ ಸಾಹೇಬರೊಬ್ಬರು ಬಂದರು,
ಗೋಡೆಗೆ ಇತಿಹಾಸದ ಫಲಕ ಹಾಕಬೇಕಿತ್ತು.
ಇಸವಿ ಬರೆದುಕೊಂಡರು, ಟೇಪು ಹಿಡಿದು ಉದ್ದ ಅಳೆದರು,
ರಿಬ್ಬನ್ನು ಕತ್ತರಿಸಿದವರ ಹೆಸರಿನ ಕಾಗುಣಿತ
ಎರಡೆರಡು ಸಲ ತಿದ್ದಿದರು.
ಖಾಜಾಸಾಬರು ಮೂರನೇ ದೀಪ ತೋರಿಸಿದರು.
ಸಾಹೇಬರು, ದೀಪ ಉರಿಯುತ್ತಿಲ್ಲ ಎಂದು ಬರೆದುಕೊಂಡರು.
ಮರುದಿನವೇ ಹೊಸ ಬಲ್ಬು ಬಂತು.
ಅಷ್ಟರಮಟ್ಟಿಗೆ ಒಳ್ಳೆಯವರೇ.

ಮೊನ್ನೆ ಮೋಟರು ನೀರು ಹಿಡಿಯಲಿಲ್ಲ.
ಗುಂಡಿಗಿಳಿದು ಫುಟ್‌ವಾಲ್ವ್ ಬಿಚ್ಚಿದರೆ
ಜಾಳಿಗೆಯ ತುಂಬ ಸೀತಾಫಲದ ಬೀಜ,
ಗಾಡಿ ಹಿಡಿಯುವ ಅವಸರದಲ್ಲಿ ಜನ ಉಗುಳಿ ಹೋದವು.
ಯಾಕೋ, ಕರ್ಚೀಫಿನಲ್ಲಿ ಕಟ್ಟಿ ಮನೆಗೆ ತಂದೆ.
ಅವ್ವ ಹೊಸ್ತಿಲ ಬಳಿ ಕೂತು, ಒಂದೊಂದೇ ಒರೆಸಿ
ಐದೈದರ ಸಾಲು ಹಾಕಿದಳು.
ನೂರಾ ಹನ್ನೆರಡು.
'ಯಂಕೋಬ ಸತ್ತು ಎಷ್ಟು ವರ್ಸಾತು?'
ಹನ್ನೊಂದು, ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಎರಡು ಬೀಜ ಆರಿಸಿ ಬದಿಗಿಟ್ಟಳು.
'ಇವೆರಡು ನನ್ನವಲ್ಲ.'