ಮೂರು ಸಲ ಎದ್ದ ಪ್ರಾಣಿ

ನಿವೃತ್ತರಿಗೆ ಬೆಳ್ಳಿದೀಪ ಕೊಡುವುದು ನಮ್ಮ ಗಿರಣಿಯ ವಾಡಿಕೆ.
ನನಗೆ ಎರಡು ರಾತ್ರಿಯ ಕಾಡು ಕೊಟ್ಟರು,
ಲಕೋಟೆಯೊಳಗೆ ಮಡಚಿ.
ಫಿರ್ದೋಸಳ ಐಡಿಯಾ:
"ದೀಪ ಎಷ್ಟು ಅಂತ ಉಜ್ತೀಯಕ್ಕ, ಹುಲಿ ನೋಡ್ಕೊಂಡು ಬಾ."

ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು, ಅಂತರಸಂತೆ ದಾಟಿ,
ಜೀಪು ಟಾರು ಬಿಟ್ಟು ಮಣ್ಣಿಗಿಳಿದ ಮೇಲೆ
ಫೋನಿನ ಕಡ್ಡಿಗಳು ಒಂದೊಂದಾಗಿ ಸತ್ತವು.
ನಾಲ್ಕೇ ಗುಡಾರ. ಒಂದು ಒಲೆ.
ಬೇಸಿಗೆಗೆ ಹಿಂದೆ ಸರಿದ ಹಿನ್ನೀರು,
ಅದರ ಅಂಚಿಗೆ ಮುಳುಗಿ ಎದ್ದ ಮರದ ಮೋಟುಗಳು,
ಅಜ್ಜಿಯ ಬಾಚಣಿಗೆಯಲ್ಲಿ ಉಳಿದ ಹಲ್ಲು.

"ಒಬ್ಬರೇ ಬಂದ್ರಾ?" ಎಂದಳು ಅಡುಗೆಯ ಸಣ್ಣತಾಯಮ್ಮ.
ಉತ್ತರಕ್ಕೆ ಕಾಯದೆ
ಮುದ್ದೆಯನ್ನು ಇನ್ನೊಂದು ಸಲ ತಿರುವಿದಳು.
ಹುರುಳಿ ಬಸ್ಸಾರು, ಉಪ್ಪು ಒಂದು ಹರಳು ಜಾಸ್ತಿ.
ಎರಡನೇ ಗುಡಾರದಲ್ಲಿ ದೊಡ್ಡ ಕ್ಯಾಮೆರಾದವರು, ಅವರಿಗೆ ಚಪಾತಿ.

ಸಂಜೆ ಜಿಂಕೆ, ಮತ್ತೆ ಜಿಂಕೆ,
ನಮ್ಮತ್ತ ಬೆನ್ನು ಮಾಡಿ ಹುಲ್ಲು ಕೀಳುತ್ತಿದ್ದ ಒಂಟಿ ಸಲಗ.
ಹುಲಿ ಈಗಷ್ಟೇ ಎದ್ದು ಹೋಗಿತ್ತಂತೆ,
ಥೇಟು ನಮ್ಮ ಮ್ಯಾನೇಜರು:
ಕುರ್ಚಿ ಬಿಸಿ ಇರುತ್ತದೆ, ಆಸಾಮಿ ಇರುವುದಿಲ್ಲ.

ದಾರಿ ತೋರುವವನು ಬೊಳ್ಳ, ಜೇನುಕುರುಬರ ಹಾಡಿಯವನು.
ಮಾತು ಕಡಿಮೆ.
ಅವನು ಕೈ ಎತ್ತಿದರೆ ಜೀಪು ನಿಲ್ಲುತ್ತದೆ,
ಕೈ ಇಳಿಸಿದರೆ ನಾವು ಉಸಿರು ಬಿಡುತ್ತೇವೆ.

ರಾತ್ರಿ.
ಜಿಪ್ಪು ಎಳೆದರೆ ಕತ್ತಲು ಹೊರಗೇ ಉಳಿಯುತ್ತದೆಂದು ಯಾರು ಹೇಳಿದ್ದು?
ಮೂವತ್ತೊಂದು ವರ್ಷ ಮಗ್ಗದ ಸದ್ದಿನಲ್ಲಿ ನಿಂತವಳು ನಾನು.
ಭಾನುವಾರವೂ ಕಿವಿಯೊಳಗೆ ಖಟಕ್ ಖಟಕ್,
ನಿದ್ದೆಗೂ ಅದೇ ಜೋಗುಳ.
ಇಲ್ಲಿ ಅದಿಲ್ಲ.
ಇಲ್ಲಿ ಏನೋ ಒಂದು
ಒಣಗೆಲೆಯ ಮೇಲೆ ಒಂದು ಹೆಜ್ಜೆ ಇಟ್ಟು
ಎರಡನೆಯದನ್ನು ಯೋಚಿಸುತ್ತದೆ.
ಕಡವೆಯೊಂದು ದೂರದಲ್ಲಿ ಒಮ್ಮೆ ಕೂಗಿ ಸುಮ್ಮನಾಯಿತು.
ಆ ಸುಮ್ಮನೆ ದೊಡ್ಡದಾಗುತ್ತ ಆಗುತ್ತ
ನನ್ನ ಹಾಸಿಗೆಯವರೆಗೂ ಬಂತು.

ಎದ್ದೆ, ಬಾಗಿಲ ಮಣ್ಣು ಮುಟ್ಟಿ ಮರಳಿದೆ.
ಎದ್ದೆ, ಮತ್ತೆ ಹಾಗೇ.
ಮೂರನೇ ಸಲ ಹೊರಗೇ ಹೋದೆ,
ಹೋಗಬಾರದೆಂದು ಹಲಗೆಯಲ್ಲಿ ಬರೆದಿದ್ದರೂ.
ನಕ್ಷತ್ರ ಬಣ್ಣಿಸಲು ನನಗೆ ಬಾರದು;
ಜರಿಯ ಚೂರಿನ ಬುಟ್ಟಿ ಮಗುಚಿದಂತೆ ಅಂದರೆ ಫಿರ್ದೋಸ್ ನಗುತ್ತಾಳೆ.
ನಿಂತೆ. ಎಷ್ಟು ಹೊತ್ತೋ.

ಬೆಳಿಗ್ಗೆ ಗುಡಾರದ ಮುಂದೆ ಬೊಳ್ಳ ಕುಕ್ಕರುಗಾಲಲ್ಲಿ ಕೂತಿದ್ದ,
ಪಕ್ಕದಲ್ಲಿ ಟೀ ಲೋಟ.
ಕ್ಯಾಮೆರಾದವರು ಓಡಿ ಬಂದರು: ಚಿರತೆಯಾ? ಹುಲಿಯಾ?
"ಇದು ಹಂದಿ. ಇದು ಮುಳ್ಳುಹಂದಿ, ಅವಸರದಲ್ಲಿ ಹೋಗೈತೆ.
ಇದು..."
ಕಡ್ಡಿಯಿಂದ ಧೂಳಿನ ಮೇಲೆ ಸುತ್ತ ಒಂದು ಗೆರೆ ಎಳೆದ.
"ಇದು ಮೂರು ಸಲ ಎದ್ದೈತೆ.
ಎರಡು ಸಲ ಬಾಗಿಲಿಗೆ ಬಂದು ವಾಪಸ್ ಹೋಗೈತೆ.
ಆಮೇಲೆ ಈಚೆಗೆ ಬಂದು ಇಲ್ಲಿ ನಿಂತೈತೆ, ತುಂಬ ಹೊತ್ತು,
ಹಿಮ್ಮಡಿ ಎಷ್ಟು ಇಳಿದೈತೆ ನೋಡಿ.
ಬಲಮಂಡಿ ನೋವು, ಭಾರವೆಲ್ಲ ಎಡಕ್ಕೆ.
ನಿಂತೂ ನಿಂತೂ ಅಭ್ಯಾಸ ಇರೋ ಪ್ರಾಣಿ.
ಭಯ ಇರಲಿಲ್ಲ.
ಭಯ ಇದ್ರೆ ಹೆಬ್ಬೆರಳು ಮಣ್ಣು ಕಚ್ತದೆ."

ಅವರು ಮಣ್ಣು ನೋಡಿದರು.
ನಾನು ನನ್ನ ಬರಿಗಾಲು.

ಹಾಜರಿ ಪುಸ್ತಕದ ಸಹಿ ಬಿಟ್ಟರೆ
ಎಲ್ಲಿ ಏನು ಗುರುತು ಉಳಿಸಿದೆನೋ ಗೊತ್ತಿಲ್ಲ.
ಮದುವೆಮನೆಗಳಲ್ಲಿ ನಾನು ನೇಯ್ದದ್ದು ಓಡಾಡುತ್ತಿರುತ್ತದೆ,
ಗುರುತು ಸಿಕ್ಕಿದರೂ ಮಾತಾಡಿಸುವುದಿಲ್ಲ,
ಅದೂ ಮಾತಾಡಿಸುವುದಿಲ್ಲ.

"ಆಮೇಲೆ ಎಲ್ಲಿಗೆ ಹೋಯ್ತು?" ಕ್ಯಾಮೆರಾ ಕೇಳಿತು.
"ಒಳಕ್ಕೆ," ಎಂದ ಬೊಳ್ಳ, ನನ್ನ ಕಡೆ ನೋಡದೆ,
"ಮಲಗ್ತು. ಗೊರಕೆ ಅಡುಗೆಮನೆ ತನಕ ಕೇಳ್ತಿತ್ತು."

ಸಣ್ಣತಾಯಮ್ಮನ ಸೌಟು ಒಲೆಯ ಹತ್ತಿರ ಒಮ್ಮೆ ತಡೆಯಿತು.
ಜೀಪು ಶುರುವಾಯಿತು.
ನಾನು ಆ ಗೆರೆಯನ್ನು ತುಳಿಯದೆ
ಸುತ್ತಿ ಬಂದು ಹತ್ತಿದೆ,
ಎಡಗಾಲು ಮೊದಲು.