ಅರವತ್ತೊಂದನೆಯ ಪುಟ

ನಾರ್ವೆಯ ಪಡುವಣ ತೀರ, ಗ್ರಂಥಾಲಯದ ದೋಣಿ

ಹೊಸ್ತಿಲು ಎತ್ತರ, ನೋಡಿಕೊಂಡು ಕಾಲಿಡು, ಐಲೆವ್.
ಬೂಟು ಒದ್ದೆಯಿದ್ದರೆ ಇರಲಿ,
ಈ ನೆಲಕ್ಕೆ ಮೀನಿನ ಹುರುಪೆ ಹೊಸದಲ್ಲ.
ನಲವತ್ತು ನಿಮಿಷ ಈ ಧಕ್ಕೆಯಲ್ಲಿದ್ದೇವೆ,
ಆಮೇಲೆ ಹಗ್ಗ ಬಿಚ್ಚಿ ಮುಂದಿನ ದ್ವೀಪ.
ಹೇಳಬಾರದ ಕಾಯಿಲೆಗೆ ಮದ್ದು ಕೇಳುವವನಂತೆ
ಯಾಕೆ ಪಿಸುಗುಟ್ಟುತ್ತೀ?
ಕವಿತೆ ಕಟ್ಟುವುದನ್ನು ಕಲಿಸುವ ಪುಸ್ತಕ, ತಾನೆ?
ಇದೆ. ಕೆಳಗಿನ ಅರೆ, ಎಡಗಡೆ,
ಬಲೆ ಹೆಣೆಯುವ ಪುಸ್ತಕಕ್ಕೂ
ಜೇನು ಸಾಕುವ ಪುಸ್ತಕಕ್ಕೂ ನಡುವೆ.
ಅಲೆ ಎದ್ದಾಗ ಬೀಳದಿರಲೆಂದು ಅಡ್ಡಪಟ್ಟಿ ಕೊಟ್ಟಿದೆ,
ಸ್ವಲ್ಪ ಎತ್ತಿ ತೆಗೆ.

ಮೇಲಿನದು ಬೇಡ.
ಹೊಳೆಯುವ ರಟ್ಟು, ಗರಿಲೇಖನಿಯ ಚಿತ್ರ.
ಮಂಜು ಕವಿದು ಲಂಗರು ಹಾಕಿ ಕೂತ ಒಂದು ದಿನ
ಎಣಿಸಿದ್ದೇನೆ: ‘ಸ್ಫೂರ್ತಿ’ ನೂರಹನ್ನೆರಡು ಸಲ.
ಓದಿದರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ.

ಇದೇ. ಬೂದುರಟ್ಟಿನ ಈ ಬಡಕಲು.
ಬರೆದವಳು ತಂತಿ ಕಚೇರಿಯಲ್ಲಿದ್ದಳಂತೆ,
ಪದಕ್ಕಿಷ್ಟೆಂದು ಕಾಸು ಎಣಿಸಿದವಳು.
ಅದಕ್ಕೇ ಇರಬೇಕು, ವಿಶೇಷಣ ಕಂಡರಾಗದು ಅವಳಿಗೆ.
‘ಮಗ ಹೋದ’ ಎಂದು ತಂತಿ ಕೊಡಲು ಬಂದವರು
ಮೂರನೆಯ ಪದಕ್ಕೆ ದುಡ್ಡಿಲ್ಲದೆ ನಿಂತದ್ದನ್ನು
ಮುನ್ನುಡಿಯಲ್ಲೇ ಬರೆದಿದ್ದಾಳೆ.
ಹಾಗೆ ನಿಂತದ್ದೇ ಕವಿತೆ, ಎನ್ನುತ್ತಾಳೆ.
ಒಪ್ಪುವುದು ಬಿಡುವುದು ನಿನಗೆ ಬಿಟ್ಟದ್ದು.

ಮೊದಲ ಪಾಠದಲ್ಲಿ ‘ಹಾಗೆ’ ಅನ್ನುವಂತಿಲ್ಲ.
ಮೀನು ಬೆಳ್ಳಿಯ ಹಾಗೆ, ಸಮುದ್ರ ತಾಯಿಯ ಹಾಗೆ,
ಎಲ್ಲಕ್ಕೂ ಬೀಗ.
ಮೀನು ಮೀನೇ ಆಗಿ ಒಂದು ವಾರ ಇರಲಿ ಪಾಪ.
ದಿನವಿಡೀ ಸಾಲ್ಮನ್ ಪಂಜರದ ಮೇಲೆ ನಡೆಯುವ ನಿನಗೆ
ಇದು ಬೇಗ ಒಗ್ಗುತ್ತೆ.
ಮೂರನೆಯದು ಉಸಿರು:
ಹುಟ್ಟು ಹಾಕುತ್ತಾ ಸಾಲು ಹೇಳು,
ಎದೆ ಎಲ್ಲಿ ಬೇಡವೆಂದಿತೋ ಅಲ್ಲಿ ಮುರಿ.
ಐದನೆಯದು ಪ್ರಾಸ. ಅಲ್ಲಿ ಮಾತ್ರ ಹೆಂಗಸು ಹಠಮಾರಿ,
ನನಗೂ ಅವಳಿಗೂ ಅಲ್ಲಿ ಮಾತಿಲ್ಲ.
ಹಾರಿಸು.

ಅಂಚು ನೋಡು, ಪೆನ್ಸಿಲ್ಲಲ್ಲಿ ‘ಸುಳ್ಳು!’ ಎಂದಿದೆಯಲ್ಲ,
ಸೂಲಗಿತ್ತಿ ತೋರ್ಗುನ್ ಬರೆದದ್ದು.
ಎರಡು ಚಳಿಗಾಲ ಕಳೆದು ಮತ್ತೆ ಒಯ್ದಳು,
ಕೆಳಗೆ ಶಾಯಿಯಲ್ಲಿ: ‘ಇಲ್ಲ. ನಿಜ.’
ನಡುವೆ ಏನಾಯಿತೆಂದು ನಾನು ಕೇಳಲಿಲ್ಲ,
ಪುಸ್ತಕವೂ ಕೇಳಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ,
ಆಮೇಲೆ ನನ್ನನ್ನು ಬೈಯಬಾರದು.
ಇದರಲ್ಲೊಂದು ಹಾಳೆ ಇಲ್ಲ.
ಅರವತ್ತನೆಯ ಪುಟ ‘ಈಗ ಕಿಟಕಿ ತೆರೆದು,’ ಎಂದು ನಿಲ್ಲುತ್ತೆ.
ಅರವತ್ತಮೂರು ಶುರುವಾಗುವುದೇ ‘ಅಷ್ಟು ಸಾಕು’ ಎಂದು.
ಹರಿದವನು ಡೀಸೆಲ್ ಮೆಕ್ಯಾನಿಕ್ ಆಸ್ಲಾಕ್.
ತಾನೇ ಬಂದು ಒಪ್ಪಿಕೊಂಡ, ದಂಡ ಕಟ್ಟಿದ,
ಹಾಳೆ ಮಾತ್ರ ಕೊಡಲಿಲ್ಲ.
‘ಅದರಲ್ಲೊಂದು ಅಭ್ಯಾಸ ಇದೆ, ಇನ್ನೂ ಮುಗಿದಿಲ್ಲ.’
ಹನ್ನೊಂದು ವರ್ಷವಾಯಿತು.
ಪ್ರತಿ ಶರತ್ಕಾಲ ಧಕ್ಕೆಗೆ ಬರುತ್ತಾನೆ,
ಎಂಜಿನ್ ಪುಸ್ತಕ ಒಯ್ಯುತ್ತಾನೆ,
ನಾನು ಹುಬ್ಬೇರಿಸಿದರೆ ತಲೆಯಾಡಿಸುತ್ತಾನೆ.

ಬೇರೆ ಪ್ರತಿ ತರಿಸಬಹುದಿತ್ತು.
ತರಿಸಲಿಲ್ಲ, ಯಾಕೆಂದರೆ ಆ ಸಂದಿಯಲ್ಲಿ
ಒಯ್ದವರೆಲ್ಲ ಚೀಟಿ ಇಟ್ಟು ಹೋಗತೊಡಗಿದರು,
ಕಿಟಕಿ ತೆರೆದು ತಾವು ಕಂಡದ್ದನ್ನು:
ಒಣಹಾಕಿದ ಒಂದೇ ಕೈಗವಸು.
ಗಂಡ, ದೋಣಿಗೆ ಬಣ್ಣ ಬಳಿಯುತ್ತಾ, ಹಾಡದೆ.
ಏನೂ ಇಲ್ಲ, ಮಂಜು, ಆಮೇಲೆ ಮಂಜಿನೊಳಗೆ ಕೆಮ್ಮು.
ಪುಸ್ತಕದ ಬೆನ್ನು ಉಬ್ಬಿರುವುದು ಅದಕ್ಕೇ.
ಎಲ್ಲ ಓದು.
ಆ ನೀಲಿ ಚೀಟಿಯೊಂದನ್ನು ಬಿಡು, ಅದು ಯಾರದೋ.

ಏನು, ಅಕ್ಷರವಾ?
ದಿನಾಂಕದ ಕಾರ್ಡಿನ ಅಕ್ಷರದಂತೆಯೇ ಇದೆಯಾ?
ಈ ಬೆಳಕಲ್ಲಿ ಎಲ್ಲರ ಅಕ್ಷರವೂ ಒಂದೇ ಥರ ಕಾಣುತ್ತೆ.
ಕೊಡು ಇಲ್ಲಿ, ಮುದ್ರೆ ಒತ್ತುತ್ತೇನೆ.

ಏಪ್ರಿಲ್‌ನಲ್ಲಿ ಮತ್ತೆ ಬರುತ್ತೇವೆ.
ಜಾಕೆಟ್ಟಿನೊಳಗೆ ಇಟ್ಟುಕೋ, ಹೊರಗೆ ಸೀರ್ಪನಿ.
ಪಂಜರದ ಬಳಿ ಬೇಡ,
ಮನೆಗೆ ಹೋಗಿ ತೆಗೆ.
ನಿನ್ನ ಕಿಟಕಿ ಯಾವ ಕಡೆಗಿದೆ,
ಉತ್ತರಕ್ಕಾ?
ಹಾಗಾದರೆ ಗಟ್ಟಿ ಕೋಟು ಹಾಕಿಕೊಂಡು ತೆರೆ.